ಪೆಟ್ರೋಲ್ ಆವಿಗೂ ಒಂದು ಮಿತಿ ಬರೆಯಿರಿ: ಮಾಲಿನ್ಯ ನಿಯಂತ್ರಣ ಮಂಡಳಿಗೆ ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಪರಿಸರ ಭವನ, ಚರ್ಚ್ ಸ್ಟ್ರೀಟ್, ಬೆಂಗಳೂರು

ವಿಷಯ: ಇಂಧನ ಡಿಪೋಗಳ ಸಮ್ಮತಿ ಪತ್ರದಲ್ಲಿ ಪೆಟ್ರೋಲ್ ಆವಿಯ ಲೆಕ್ಕ ಸೇರಿಸುವ ಬಗ್ಗೆ

ಮಾನ್ಯರೇ,

ಹೊಸಕೋಟೆ ತಾಲೂಕಿನ ದೇವನಗೊಂದಿ ನಿಮಗೆ ಗೊತ್ತಿರುವ ಊರು. ಬೆಂಗಳೂರಿನಿಂದ ಮಾಲೂರು ಕಡೆ ರೈಲಿನಲ್ಲಿ ಹೋಗುವವರಿಗೆ ವೈಟ್‌ಫೀಲ್ಡ್ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಷನ್. ಆದರೆ ಆ ಊರಿನ ಪಕ್ಕದಲ್ಲಿ ಇರುವುದು ಸಣ್ಣದಲ್ಲ. ಮೂರು ಸರ್ಕಾರಿ ತೈಲ ಕಂಪನಿಗಳ ಟರ್ಮಿನಲ್‌ಗಳು, ಅಂದರೆ ದೊಡ್ಡ ಇಂಧನ ಡಿಪೋಗಳು, ಇಲ್ಲಿವೆ. ಮಂಗಳೂರಿನಿಂದ ಹಾಸನದ ಮೇಲೆ ಬರುವ ಸುಮಾರು 360 ಕಿಲೋಮೀಟರ್ ಪೈಪ್‌ಲೈನ್ 2003ರಿಂದ ಇಲ್ಲಿಗೆ ಇಂಧನ ತರುತ್ತಿದೆ. ಚೆನ್ನೈ ಕಡೆಯಿಂದಲೂ ಒಂದು ಪೈಪ್‌ಲೈನ್ ಬಂದಿದೆ. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ವಿಮಾನದ ಇಂಧನ ಇಲ್ಲಿಂದಲೇ ನೆಲದೊಳಗಿನ ಪೈಪಿನಲ್ಲಿ ಹೋಗುತ್ತದೆ. ಬೆಂಗಳೂರಿನ ಬಂಕುಗಳಿಗೆ ಹೋಗುವ ಪೆಟ್ರೋಲಿನ ದೊಡ್ಡ ಪಾಲು ಮೊದಲು ನಮ್ಮ ರಸ್ತೆ ದಾಟಿಯೇ ಹೋಗಬೇಕು.

ಇದು ಯಾವ ಕಂಪನಿಯ ಮೇಲಿನ ದೂರೂ ಅಲ್ಲ. ಡಿಪೋ ಮುಚ್ಚಿ ಅನ್ನುವ ಬೇಡಿಕೆಯೂ ಅಲ್ಲ. ನಾವೂ ಸ್ಕೂಟರ್ ಓಡಿಸುವವರೇ, ಟೊಮೆಟೊ ಕ್ರೇಟುಗಳನ್ನು ಟೆಂಪೋದಲ್ಲಿ ಕಳಿಸುವವರೇ. ಕೇಳುತ್ತಿರುವುದು ಒಂದೇ. ಡಿಪೋ ನಡೆಸಲು ಮಂಡಳಿಯಿಂದ ಪಡೆಯಬೇಕಾದ ಸಮ್ಮತಿ ಪತ್ರವನ್ನು ನೀವು ಮುಂದಿನ ಸಲ ಕೊಡುವಾಗ ಅಥವಾ ನವೀಕರಿಸುವಾಗ, ಟ್ಯಾಂಕರ್ ತುಂಬುವ ಜಾಗದಲ್ಲಿ ಎಷ್ಟು ಪೆಟ್ರೋಲ್ ಆವಿ ಗಾಳಿಗೆ ಹೋಗಬಹುದು ಅನ್ನುವುದಕ್ಕೆ ಅಂಕಿಯಲ್ಲಿ ಒಂದು ಮಿತಿ ಬರೆಯಿರಿ. ಪೆಟ್ರೋಲಿನಲ್ಲಿರುವ, ಕ್ಯಾನ್ಸರ್ ತರುವ ಬೆಂಜೀನ್ ಕಾಂಪೌಂಡಿನ ಆಚೆ ಎಷ್ಟಿದೆ ಅಂತ ಅಳೆಸಿ. ಅಳೆದದ್ದನ್ನು ಊರಿಗೆ ತೋರಿಸಿ.

ನಿಮ್ಮ ಸಮ್ಮತಿ ಪತ್ರದ ವಾಯು ಅನುಬಂಧ ನೋಡಿದವರಿಗೆ ಅದರ ಸ್ವರೂಪ ಗೊತ್ತು. ಒಂದು ಕೋಷ್ಟಕ ಇರುತ್ತದೆ. ಚಿಮಣಿ ಸಂಖ್ಯೆ, ಚಿಮಣಿ ಯಾವುದಕ್ಕೆ ಜೋಡಿಸಿದೆ, ಎತ್ತರ ಎಷ್ಟು, ಯಾವ ಮಾಲಿನ್ಯಕಾರಕ, ಮಿತಿ ಎಷ್ಟು. ಬಾಯ್ಲರ್ ಇರುವ ಕಾರ್ಖಾನೆಗೆ ಇದು ಸರಿಯಾದ ಪ್ರಶ್ನೆಪತ್ರಿಕೆ. ಇಂಧನ ಡಿಪೋಗೆ ಇದನ್ನೇ ಕೊಟ್ಟರೆ ಉತ್ತರ ಬರುವುದು ಜನರೇಟರಿನದು, ಬೆಂಕಿ ಆರಿಸುವ ಪಂಪಿನ ಎಂಜಿನ್‌ದು. ಕರೆಂಟ್ ಹೋದಾಗ ಓಡುವ ಜನರೇಟರಿಗೆ ಕೊಳವೆಯ ಎತ್ತರ ನಿಗದಿ. ಡಿಪೋದಿಂದ ನಿಜವಾಗಿ ಗಾಳಿಗೆ ಹೋಗುವ ವಸ್ತುವಿಗೆ ಚಿಮಣಿಯೇ ಇಲ್ಲ, ಹಾಗಾಗಿ ಕೋಷ್ಟಕದಲ್ಲಿ ಅದು ಕೂರುವ ಸಾಲೂ ಇಲ್ಲ.

ಆ ವಸ್ತು ಎಲ್ಲಿಂದ ಬರುತ್ತದೆ ಅನ್ನುವುದು ನಿಮ್ಮ ಎಂಜಿನಿಯರುಗಳಿಗೆ ಗೊತ್ತು. ಪತ್ರ ಬಹಿರಂಗವಾಗಿರುವುದರಿಂದ ಉಳಿದವರಿಗಾಗಿ ಬರೆಯುತ್ತೇನೆ. ಬಾಟಲಿಗೆ ನೀರು ತುಂಬಿಸಿದರೆ ಒಳಗಿದ್ದ ಗಾಳಿ ಬಾಯಿಂದ ಹೊರಗೆ ಬರುತ್ತದೆ, ಅಲ್ವಾ? ಟ್ಯಾಂಕರ್ ಲಾರಿಯೂ ಹಾಗೇ. 12 ಕಿಲೋಲೀಟರ್ ಪೆಟ್ರೋಲ್ ಒಳಗೆ ಹೋದರೆ 12,000 ಲೀಟರ್ ಗಾಳಿ ಹೊರಗೆ ಬರಲೇಬೇಕು. ಆ ಗಾಳಿ ಸುಮ್ನೆ ಗಾಳಿಯಲ್ಲ. ಹಿಂದಿನ ಲೋಡಿನ ತಳದಲ್ಲಿ ಉಳಿದ ಪೆಟ್ರೋಲಿನ ಆವಿ, ಈಗ ಬೀಳುತ್ತಿರುವ ಪೆಟ್ರೋಲಿನ ಆವಿ, ಎರಡೂ ಅದರಲ್ಲಿ ತುಂಬಿರುತ್ತದೆ. ಲೋಡಿಂಗ್ ಆರ್ಮ್ ಅನ್ನುವ ತುಂಬುವ ಪೈಪನ್ನು ಮೇಲಿನ ಬಾಯಿಗೆ ಇಳಿಬಿಟ್ಟು ಮೇಲಿಂದ ಧಾರೆ ಸುರಿಸಿದರೆ ಆವಿ ಇನ್ನೂ ಜಾಸ್ತಿ. ಪೈಪನ್ನು ತಳದವರೆಗೆ ಇಳಿಸಿದರೆ, ಅಥವಾ ತಳದ ವಾಲ್ವಿನಿಂದಲೇ ತುಂಬಿದರೆ, ಕಡಿಮೆ.

ಎಷ್ಟು ಅನ್ನುವುದಕ್ಕೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ ತನ್ನ ಲೆಕ್ಕದ ಕೈಪಿಡಿಯಲ್ಲಿ ಅಂದಾಜು ಅಂಕಿ ಕೊಟ್ಟಿದೆ. ಆವಿ ಹಿಡಿಯುವ ವ್ಯವಸ್ಥೆ ಇಲ್ಲದೆ, ಪೈಪನ್ನು ತಳಕ್ಕೆ ಇಳಿಸಿ ತುಂಬಿದರೆ, ಪ್ರತಿ ಲೀಟರ್ ಪೆಟ್ರೋಲಿಗೆ 590 ಮಿಲಿಗ್ರಾಂ ಆವಿ ಹೋಗುತ್ತದೆ. ಮೇಲಿಂದ ಸುರಿದರೆ 1,430 ಮಿಲಿಗ್ರಾಂ. ಅಂದರೆ ಒಂದು 12 ಕಿಲೋಲೀಟರ್ ಟ್ಯಾಂಕರಿಗೆ ಚೆನ್ನಾಗಿ ತುಂಬಿದರೂ 7 ಕಿಲೋ, ಸುರಿದು ತುಂಬಿದರೆ 17 ಕಿಲೋ. ಆ ಅಂಕಿ ಹಾಕಿರುವುದು ಸುಮಾರು 16 ಡಿಗ್ರಿ ಸೆಲ್ಸಿಯಸ್ ತಂಪಿಗೆ. ನಮ್ಮ ಏಪ್ರಿಲ್ ಬಿಸಿಲು ಬೇರೆ, ನಮ್ಮ ಪೆಟ್ರೋಲೂ ಸ್ವಲ್ಪ ಬೇರೆ. ಆದ್ದರಿಂದ ಇದು ಅಂದಾಜಿಗೆ ಮಾತ್ರ. ಆದರೂ ಉದಾಹರಣೆಗೆ ದಿನಕ್ಕೆ 100 ಟ್ಯಾಂಕರ್ ಪೆಟ್ರೋಲ್ ತುಂಬುವ ಡಿಪೋ ಅಂದುಕೊಳ್ಳಿ. ಒಳ್ಳೆಯ ರೀತಿಯಲ್ಲಿ ತುಂಬಿದರೂ ದಿನಕ್ಕೆ 700 ಕಿಲೋ. ದ್ರವದ ಲೆಕ್ಕದಲ್ಲಿ ಸಾವಿರ ಲೀಟರ್ ಆಸುಪಾಸು ಪೆಟ್ರೋಲ್, ಯಾರ ಗಾಡಿಗೂ ಸೇರದೆ, ಗಾಳಿಗೆ.

ಡೀಸೆಲ್ ವಿಷಯದಲ್ಲಿ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಅದು ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಒಂದು ಅಪವಾದ ಇದೆ. ಹಿಂದಿನ ಟ್ರಿಪ್ಪಿನಲ್ಲಿ ಪೆಟ್ರೋಲ್ ಒಯ್ದ ಟ್ಯಾಂಕರಿಗೆ ಈ ಸಲ ಡೀಸೆಲ್ ತುಂಬಿದರೆ, ಒಳಗೆ ಉಳಿದಿದ್ದ ಪೆಟ್ರೋಲ್ ಆವಿಯೇ ಹೊರಗೆ ಬರುವುದು.

ಇನ್ನು ಕಾನೂನಿನ ಮಾತು. ಕೇಂದ್ರ ಸರ್ಕಾರ 2008ರ ಮಾರ್ಚ್ 18ರಂದು ತೈಲ ಶುದ್ಧೀಕರಣ ಘಟಕಗಳಿಗೆ ಹೊಸ ಮಾನದಂಡ ಹೊರಡಿಸಿತು. ಅದರಲ್ಲಿ ಚಿಮಣಿಯ ಮಾತಷ್ಟೇ ಇಲ್ಲ. ಟ್ಯಾಂಕುಗಳಿಗೆ ಎಂಥ ಛಾವಣಿ ಇರಬೇಕು, ಇಂಧನದ ಮೇಲೆಯೇ ತೇಲುವ ಛಾವಣಿಯ ಅಂಚಿಗೆ ಎರಡು ಸೀಲ್ ಇರಬೇಕು, ಟ್ಯಾಂಕಿಗೆ ಬಿಳಿ ಬಣ್ಣ ಹೊಡೆಯಬೇಕು ಅನ್ನುವವರೆಗೆ ಬರೆದಿದ್ದಾರೆ. ಲಾರಿ, ವ್ಯಾಗನ್‌ಗಳಿಗೆ ಪೆಟ್ರೋಲ್ ತುಂಬುವಾಗ ಹೊರಹೋಗುವ ಗಾಳಿಯಲ್ಲಿ ಆವಿ ಘನ ಮೀಟರಿಗೆ 5 ಗ್ರಾಂ ಮೀರಬಾರದು ಅಂತ ಮಿತಿಯೂ ಇದೆ. ಮೇಲಿನ 12 ಕಿಲೋಲೀಟರ್ ಟ್ಯಾಂಕರನ್ನೇ ತೆಗೆದುಕೊಂಡರೆ, 7 ಕಿಲೋ ಇಳಿದು 60 ಗ್ರಾಂ ಆಗುತ್ತದೆ. ಅಮೆರಿಕ 1983ರಲ್ಲಿ ಟರ್ಮಿನಲ್‌ಗಳಿಗೆ ಬರೆದ ಮಿತಿ ಪ್ರತಿ ಲೀಟರಿಗೆ 35 ಮಿಲಿಗ್ರಾಂ. ಅದೇ ಟ್ಯಾಂಕರಿಗೆ 420 ಗ್ರಾಂ. ಯುರೋಪಿನ 1994ರ ನಿರ್ದೇಶನವೂ ಹೆಚ್ಚುಕಡಿಮೆ ಅಷ್ಟೇ. ಕಾಗದದ ಮೇಲೆ ನಮ್ಮ ಅಂಕಿ ಅವರಿಬ್ಬರಿಗಿಂತ ಏಳು ಪಟ್ಟು ಬಿಗಿ. ಇದನ್ನು ಓದಿ ನನಗೆ ಹೆಮ್ಮೆಯೇ ಆಯಿತು.

ಆದರೆ ಆ ಅಧಿಸೂಚನೆ ಹೆಸರಿಟ್ಟು ಹೇಳುವುದು ರಿಫೈನರಿಗೆ. ಅಮೆರಿಕ, ಯುರೋಪಿನವರ ಮಿತಿ ಬರೆದದ್ದು ಟರ್ಮಿನಲ್‌ಗಳಿಗೆ. ಈಗ ಪೈಪ್‌ಲೈನ್ ನೆನಪು ಮಾಡಿಕೊಳ್ಳಿ. ಮಂಗಳೂರಿನ ರಿಫೈನರಿಯ ಗೇಟಿನೊಳಗೆ ಲಾರಿಗೆ ತುಂಬಿದರೆ ಆ ಪೆಟ್ರೋಲಿಗೆ 5 ಗ್ರಾಂ ಮಿತಿ. ಅದೇ ಪೆಟ್ರೋಲ್ ಪೈಪಿನಲ್ಲಿ ಘಟ್ಟ ಹತ್ತಿ, ಹಾಸನ ದಾಟಿ, ಹೊಸಕೋಟೆ ತಾಲೂಕಿಗೆ ಬಂದು, ಅದೇ ಥರದ ಲೋಡಿಂಗ್ ಆರ್ಮಿನಲ್ಲಿ ಅದೇ ಥರದ ಲಾರಿಗೆ ಇಳಿದರೆ? ಪೆಟ್ರೋಲ್ ಬದಲಾಗಿಲ್ಲ, ಲಾರಿ ಬದಲಾಗಿಲ್ಲ, ಆವಿಯೂ ಬದಲಾಗಿಲ್ಲ. ಬದಲಾದದ್ದು ಗೇಟಿನ ಮೇಲಿನ ಬೋರ್ಡು ಮಾತ್ರ. ಅದೇ 5 ಗ್ರಾಂ ಅನ್ನು ನಿಮ್ಮ ಡಿಪೋ ಸಮ್ಮತಿ ಪತ್ರದ ಷರತ್ತಾಗಿ ಬರೆಯಿರಿ ಅನ್ನುವುದು ನನ್ನ ಮನವಿ.

ದೆಹಲಿಯಿಂದ ಮಾನದಂಡ ಬರಲಿ, ಆಮೇಲೆ ನೋಡೋಣ ಅಂತ ನೀವು ಹೇಳಬಹುದು. ಕಾಯಬೇಕಾಗಿಲ್ಲ. 1981ರ ವಾಯು ಕಾಯ್ದೆಯ 21ನೇ ಸೆಕ್ಷನ್ ಸಮ್ಮತಿ ಕೊಡುವಾಗ ಷರತ್ತು ಹಾಕುವ ಅಧಿಕಾರವನ್ನು ರಾಜ್ಯ ಮಂಡಳಿಗೇ ಕೊಟ್ಟಿದೆ. 17ನೇ ಸೆಕ್ಷನ್ ಪ್ರಕಾರ ಕೇಂದ್ರ ಮಂಡಳಿಯನ್ನು ಕೇಳಿಕೊಂಡು ಕೈಗಾರಿಕೆಗಳ ಹೊರಸೂಸುವಿಕೆಗೆ ಮಾನದಂಡ ಹಾಕುವುದೂ ನಿಮ್ಮದೇ ಕೆಲಸಗಳಲ್ಲಿ ಒಂದು. ಬೇರೆ ಬೇರೆ ಥರದ ಘಟಕಗಳಿಗೆ ಬೇರೆ ಬೇರೆ ಮಾನದಂಡ ಇರಬಹುದು ಅಂತಲೂ ಅಲ್ಲೇ ಇದೆ. ಪೆನ್ನು ನಿಮ್ಮ ಕೈಯಲ್ಲೇ ಇದೆ ಸಾರ್.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಈ ಪತ್ರ ಬರೆಯುವುದಕ್ಕೆ ಅದೇ ಮುಖ್ಯ ಕಾರಣ.

ನಗರದ ಬಂಕುಗಳಲ್ಲಿ ಆವಿ ಹಿಡಿಯುವ ವ್ಯವಸ್ಥೆ ಬರುತ್ತಿದೆ. ಕೇಂದ್ರ ಮಂಡಳಿ 2020ರ ಜನವರಿಯಲ್ಲಿ ಹೊಸ ಬಂಕುಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು, ದೊಡ್ಡ ವ್ಯಾಪಾರದ ಬಂಕು ಆವಿ ಹಿಡಿಯಬೇಕು ಅಂತ. ಒಳ್ಳೆಯದೇ. ಆದರೆ ಅದರ ಮೊದಲ ಹಂತ ಹೇಗೆ ಕೆಲಸ ಮಾಡುತ್ತದೆ ಗೊತ್ತೇ? ಟ್ಯಾಂಕರ್ ಬಂಕಿಗೆ ಬಂದು ನೆಲದೊಳಗಿನ ಟ್ಯಾಂಕಿಗೆ ಪೆಟ್ರೋಲ್ ಇಳಿಸುತ್ತದೆ. ಆ ಟ್ಯಾಂಕಿನಲ್ಲಿದ್ದ ಆವಿಯನ್ನು ಗಾಳಿಗೆ ಬಿಡುವ ಬದಲು ಇನ್ನೊಂದು ಹೋಸಿನಲ್ಲಿ ಟ್ಯಾಂಕರಿಗೇ ವಾಪಸ್ ತುಂಬಿಸುತ್ತಾರೆ. ಬಂಕಿನ ಸುತ್ತ ಗಾಳಿ ಚೆನ್ನಾಗಾಯಿತು. ಟ್ಯಾಂಕರ್ ಈಗ ಆವಿ ತುಂಬಿಕೊಂಡು ಹೊರಟಿತು. ಎಲ್ಲಿಗೆ? ಡಿಪೋಗೆ. ಅಲ್ಲಿ ಮತ್ತೆ ಪೆಟ್ರೋಲ್ ತುಂಬಿದಾಗ ಆ ಅಷ್ಟೂ ಆವಿ ಹೊರಗೆ ಬರುತ್ತದೆ. ಇದು ನನ್ನ ಊಹೆಯಲ್ಲ. ಮೇಲೆ ಹೇಳಿದ ಕೈಪಿಡಿಯಲ್ಲೇ ಇದೆ. ಇಂಥ ಟ್ಯಾಂಕರಿಗೆ ತಳದಿಂದ ತುಂಬಿದರೂ ಲೀಟರಿಗೆ 590 ಅಲ್ಲ, 980 ಮಿಲಿಗ್ರಾಂ.

ಡಿಪೋದಲ್ಲಿ ಆ ಆವಿಯನ್ನು ಹಿಡಿಯುವ ಯಂತ್ರ ಇದ್ದು, ಅದು ನಿಜವಾಗಿ ಓಡುತ್ತಿದ್ದರೆ ಈ ಇಡೀ ಸರಪಳಿ ಜಾಣತನದ್ದು. ಇಲ್ಲದಿದ್ದರೆ ಆಗುವುದು ಇಷ್ಟೇ: ಇಂದಿರಾನಗರದ ಬಂಕಿನಲ್ಲಿ ಹೊರಬರಬೇಕಿದ್ದ ಆವಿ ಲಾರಿ ಹತ್ತಿ ನಮ್ಮ ತಾಲೂಕಿಗೆ ಬರುತ್ತದೆ. ನಗರದ ಗಾಳಿ ಲೆಕ್ಕದಲ್ಲಿ ಸುಧಾರಿಸುತ್ತದೆ, ಹಳ್ಳಿಯ ಗಾಳಿಗೆ ಲೆಕ್ಕವೇ ಇಲ್ಲ. ನಗರದ ಕಸ ಹಳ್ಳಿಗೆ ಬಂದಾಗ ನಾವು ರಸ್ತೆಗೆ ಇಳಿದು ಲಾರಿ ತಡೆಯುತ್ತೇವೆ. ಆವಿ ಕಣ್ಣಿಗೆ ಕಾಣುವುದಿಲ್ಲ, ಲಾರಿ ಖಾಲಿ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ.

ಆದ್ದರಿಂದ ಬಂಕಿಗೆ ಷರತ್ತು ಹಾಕುವ ದಿನವೇ ಆ ಬಂಕಿಗೆ ಇಂಧನ ಕಳಿಸುವ ಡಿಪೋಗೂ ಷರತ್ತು ಹಾಕಬೇಕು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾಕಿದರೆ ಅದು ಮಾಲಿನ್ಯ ನಿಯಂತ್ರಣ ಅಲ್ಲ, ಮಾಲಿನ್ಯದ ಸಾಗಾಟ.

ಯಂತ್ರ ಹೊಸದೇನಲ್ಲ. ಟ್ಯಾಂಕರ್ ತುಂಬುವ ಗ್ಯಾಂಟ್ರಿಯಿಂದ ಬರುವ ಆವಿಯನ್ನು ಪೈಪಿನಲ್ಲಿ ಎಳೆದು ಇದ್ದಿಲಿನ ದೊಡ್ಡ ಡ್ರಮ್ಮಿನೊಳಗೆ ಹಾಯಿಸುತ್ತಾರೆ. ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಾಳಿ ಆಚೆ ಹೋಗುತ್ತದೆ. ಒಂದು ಡ್ರಮ್ಮು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದರಿಂದ ನಿರ್ವಾತ ಪಂಪಿನಲ್ಲಿ ಆವಿ ಎಳೆದು, ಅದನ್ನು ಮತ್ತೆ ಪೆಟ್ರೋಲಿನಲ್ಲೇ ಕರಗಿಸುತ್ತಾರೆ. ಹಿಡಿದದ್ದು ಟ್ಯಾಂಕಿಗೆ ವಾಪಸ್. ಮಾರಬಹುದಾದ ಪೆಟ್ರೋಲ್ ಅದು. ಬೇರೆ ಹೆಚ್ಚಿನ ಮಾಲಿನ್ಯ ನಿಯಂತ್ರಣ ಯಂತ್ರಗಳು ಮಾಲೀಕನಿಗೆ ಖರ್ಚು ಮಾತ್ರ ಕೊಡುತ್ತವೆ. ಇದು ಒಂದಿಷ್ಟು ದುಡ್ಡನ್ನು ವಾಪಸ್ ಕೊಡುತ್ತದೆ.

ಆದರೆ ಯಂತ್ರ ಇದೆ ಅನ್ನುವುದು ಸಾಕಾಗುವುದಿಲ್ಲ. ಇದ್ದಿಲು ಹಳೆಯದಾಗುತ್ತದೆ. ಪಂಪು ಕೆಡುತ್ತದೆ. ಟ್ಯಾಂಕರಿನ ಮೇಲಿನ ಮುಚ್ಚಳ ತೆರೆದೇ ತುಂಬಿದರೆ ಆವಿ ಪೈಪಿಗೆ ಹೋಗುವುದೇ ಇಲ್ಲ, ನೇರ ಆಕಾಶಕ್ಕೆ. ಹಾಗಾಗಿ ಷರತ್ತು "ಆವಿ ಹಿಡಿಯುವ ಘಟಕ ಅಳವಡಿಸತಕ್ಕದ್ದು" ಅನ್ನುವ ಒಂದು ಸಾಲಿಗೆ ನಿಲ್ಲಬಾರದು. ಹೊರಹೋಗುವ ಗಾಳಿಯಲ್ಲಿ ಎಷ್ಟು ಗ್ರಾಂ ಅನ್ನುವುದನ್ನು ಮೀಟರ್ ಇಟ್ಟು ಬಿಡದೆ ಅಳೆಯಬೇಕು. ಆ ಅಂಕಿ ನಿಮ್ಮ ಸರ್ವರಿಗೆ ಬರಬೇಕು. ಘಟಕ ನಿಂತರೆ ಪೆಟ್ರೋಲ್ ತುಂಬುವುದೂ ನಿಲ್ಲುವಂಥ ಇಂಟರ್‌ಲಾಕ್ ಇರಬೇಕು. ಟ್ಯಾಂಕರಿಗೆ ಅರ್ಥಿಂಗ್ ತಂತಿ ಸಿಗಿಸದಿದ್ದರೆ ಪಂಪು ಶುರುವಾಗದ ಹಾಗೆ ಮಾಡುವುದು ಆಗುತ್ತದೆ ಅಂದಮೇಲೆ ಇದೂ ಆಗುತ್ತದೆ.

ಟ್ಯಾಂಕುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತೇಲುವ ಛಾವಣಿ ಇದ್ದರೆ ಆವಿ ತುಂಬ ಕಡಿಮೆ. ಸೀಲು ಹರಿದರೆ ಆ ಲಾಭ ಹೋಯಿತು. ಸೀಲನ್ನು ಯಾವಾಗ ನೋಡಿದರು, ಯಾವಾಗ ಬದಲಿಸಿದರು ಅನ್ನುವ ದಾಖಲೆ ನಿಮಗೆ ಪ್ರತಿ ವರ್ಷ ಬರಲಿ. ಅಷ್ಟು ಸಾಕು.

ಬೆಂಜೀನ್ ವಿಷಯಕ್ಕೆ ಬರುತ್ತೇನೆ. ಪೆಟ್ರೋಲಿನಲ್ಲಿ ಬೆಂಜೀನ್ ಗರಿಷ್ಠ 1% ಇರಬಹುದು ಅನ್ನುವುದು ನಮ್ಮ ಬಿಎಸ್-6 ನಿಯಮ. ಆವಿಯಲ್ಲಿ ಅದರ ಪಾಲು ಇನ್ನೂ ಸಣ್ಣದು. ಇಷ್ಟು ಸಣ್ಣದಕ್ಕೆ ಯಾಕೆ ಗಲಾಟೆ ಅನ್ನಿಸಬಹುದು. ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ರಕ್ತದ ಕ್ಯಾನ್ಸರ್. ನಮ್ಮದೇ ದೇಶದ 2009ರ ವಾಯು ಗುಣಮಟ್ಟದ ಮಾನದಂಡದಲ್ಲಿ ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು. ಅಂದರೆ ಒಂದೇ ಒಂದು ಗ್ರಾಂ ಬೆಂಜೀನ್, 2 ಲಕ್ಷ ಘನ ಮೀಟರ್ ಗಾಳಿಯನ್ನು ಆ ಮಿತಿಯ ಅಂಚಿಗೆ ತರುತ್ತದೆ. ಗಾಳಿ ಬೀಸುತ್ತದೆ, ಹರಡುತ್ತದೆ, ತೆಳುವಾಗುತ್ತದೆ, ನಿಜ. ಆದರೆ ಚಳಿಗಾಲದ ಬೆಳಗ್ಗೆ ಮಂಜು ಎಷ್ಟೊತ್ತಾದರೂ ನೆಲ ಬಿಡದೆ ಕೂರುವ ಬಯಲು ಸೀಮೆ ಇದು. ಮಂಜು ಏಳದ ಹೊತ್ತಿನಲ್ಲಿ ಆವಿಯೂ ಏಳುವುದಿಲ್ಲ. ಪೆಟ್ರೋಲ್ ಆವಿ ಹೇಗೂ ಗಾಳಿಗಿಂತ ಭಾರ.

ಮೊಬೈಲಿನಲ್ಲಿ ಎಕ್ಯೂಐ, ಅಂದರೆ ಗಾಳಿ ಗುಣಮಟ್ಟದ ಸೂಚ್ಯಂಕ, ನೋಡಿ "ನಮ್ಮ ಕಡೆ ಚೆನ್ನಾಗಿದೆ" ಅನ್ನುವವರಿಗೆ ಒಂದು ಮಾತು. ಆ ಸೂಚ್ಯಂಕದಲ್ಲಿ ಇರುವುದು ಎಂಟು ಮಾಲಿನ್ಯಕಾರಕ. ಬೆಂಜೀನ್ ಅದರಲ್ಲಿ ಇಲ್ಲ. ಸೂಚ್ಯಂಕ 50 ತೋರಿಸುವ ದಿನವೂ ಬೆಂಜೀನ್ ಎಷ್ಟಿದೆ ಅಂತ ಅದು ಹೇಳುವುದಿಲ್ಲ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಗಮನವೂ ಧೂಳಿನ ಮೇಲೆ. ಅದರಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಡಿಪೋ ಇರುವ ಹಳ್ಳಿ ಆ ಪಟ್ಟಿಯಲ್ಲಿ ಯಾಕೆ ಇರುತ್ತದೆ?

ಬೆಂಜೀನ್ ಅಳೆಯಲು ಕೋಟಿ ರೂಪಾಯಿಯ ಕೇಂದ್ರ ಕಟ್ಟಬೇಕು ಅಂತ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ 2015ರಲ್ಲಿ ರಿಫೈನರಿಗಳಿಗೆ ಒಂದು ನಿಯಮ ಮಾಡಿದರು. ಬೇಲಿಯ ಸುತ್ತ ಬೆರಳುದ್ದದ ಕೊಳವೆಗಳನ್ನು ನೇತುಹಾಕುತ್ತಾರೆ. ಕರೆಂಟು ಬೇಡ, ಪಂಪು ಬೇಡ. ಒಳಗಿನ ಪುಡಿ ಗಾಳಿಯಲ್ಲಿನ ಬೆಂಜೀನನ್ನು ಹೀರಿಕೊಳ್ಳುತ್ತದೆ. ಎರಡು ವಾರಕ್ಕೊಮ್ಮೆ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಕಾರ್ಖಾನೆಯಿಂದ ಬಂದ ಪಾಲು ವರ್ಷದ ಸರಾಸರಿಯಲ್ಲಿ 9 ಮೈಕ್ರೋಗ್ರಾಂ ಮೀರಿದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕಿ ಸರಿಮಾಡಲೇಬೇಕು. ಅಂಕಿಗಳು ಯಾರು ಬೇಕಾದರೂ ನೋಡುವ ಹಾಗೆ ಪ್ರಕಟವಾಗುತ್ತವೆ. ನಮ್ಮ ಮಿತಿ 5. ಕೊಳವೆ ನೇತುಹಾಕುವುದಕ್ಕೆ ಕಾಂಪೌಂಡ್ ಇದೆ, ಪಕ್ಕದ ಶಾಲೆಯ ಗೋಡೆ ಇದೆ, ಪಂಚಾಯಿತಿ ಕಟ್ಟಡ ಇದೆ. ಇದನ್ನು ಶುರುಮಾಡಲು ಯಾವ ಡಿಪೋದ ನವೀಕರಣಕ್ಕೂ ಕಾಯಬೇಕಿಲ್ಲ.

ಗಾಳಿಯ ಮಾತಾಡುವಾಗ ಬೇಲಿಯ ಆಚೆಗಿನ ನಮ್ಮನ್ನೇ ನೆನೆಯುತ್ತೇವೆ. ಬೇಲಿಯ ಒಳಗಿನವರು ನಮಗಿಂತ ಹತ್ತಿರದಲ್ಲಿದ್ದಾರೆ. ಟ್ಯಾಂಕರಿನ ಮೇಲೆ ಹತ್ತಿ ಮುಚ್ಚಳ ತೆಗೆದು ಡಿಪ್ ರಾಡ್ ಇಳಿಸಿ ಮಟ್ಟ ನೋಡುವ ಡ್ರೈವರು, ಕ್ಲೀನರು. ತಲೆ ಬಗ್ಗಿಸಿದರೆ ಮೂಗು ನೇರ ಆವಿಯ ಬಾಯಿಗೆ. ಹೆಚ್ಚಿನವರು ಗುತ್ತಿಗೆದಾರರ ಕೈಕೆಳಗಿನ ಹುಡುಗರು, ಕಂಪನಿಯ ವೈದ್ಯಕೀಯ ತಪಾಸಣೆಯ ಪಟ್ಟಿಯಲ್ಲಿ ಅವರ ಹೆಸರು ಇರುವುದು ಕಷ್ಟ. ತಳದಿಂದ ತುಂಬುವ ಪದ್ಧತಿ ಬಂದರೆ, ಮಟ್ಟ ನೋಡಲು ಮುಚ್ಚಿದ ಗೇಜ್ ಬಂದರೆ, ಅವರು ಮೇಲೆ ಹತ್ತುವುದೇ ತಪ್ಪುತ್ತದೆ. ಬೀಳುವ ಅಪಾಯವೂ ಹೋಗುತ್ತದೆ. ಕಾರ್ಮಿಕರ ಆರೋಗ್ಯ ಕಾರ್ಖಾನೆ ಇಲಾಖೆಗೆ ಸೇರಿದ್ದು, ನಮ್ಮದಲ್ಲ ಅಂತ ಕಡತ ದಾಟಿಸಬೇಡಿ. ತುಂಬುವ ಪದ್ಧತಿ ಬದಲಿಸುವ ಷರತ್ತು ಹಾಕಬಲ್ಲವರು ನೀವು.

ಡಿಪೋ ಅಂದಕೂಡಲೇ ಎಲ್ಲರ ತಲೆಗೆ ಬರುವುದು ಬೆಂಕಿ. ಅದು ಸಹಜ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರ ಡಿಪೋದಲ್ಲಿ ಪೆಟ್ರೋಲ್ ಸೋರಿ, ಆವಿಯ ಮೋಡ ಹರಡಿ, ಸಿಡಿಯಿತು. 11 ಜನ ಸತ್ತರು. ಬೆಂಕಿ ಆರಲು ದಿನಗಳೇ ಬೇಕಾದವು. ಆಮೇಲೆ ಎಂ.ಬಿ. ಲಾಲ್ ಸಮಿತಿ ವರದಿ ಬಂತು, ಡಿಪೋಗಳ ವಾಲ್ವು, ಸೆನ್ಸರ್, ಅಗ್ನಿಶಾಮಕ ವ್ಯವಸ್ಥೆಗಳ ನಿಯಮ ಬಿಗಿಯಾದವು. ಸ್ಫೋಟಕ ಸುರಕ್ಷತೆಯ ಲೈಸೆನ್ಸ್ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೋ ಸಂಸ್ಥೆಯಿಂದ, ವಿನ್ಯಾಸದ ನಿಯಮ ಪೆಟ್ರೋಲಿಯಂ ಸಚಿವಾಲಯದ ಕೆಳಗಿನ ಒಐಎಸ್‌ಡಿಯಿಂದ. ಅವರ ಕೆಲಸ ಅವರು ಮಾಡುತ್ತಾರೆ. ಆದರೆ ಅವರ ಸೆನ್ಸರ್ ಕೂಗುವುದು ಆವಿ ಹೊತ್ತಿಕೊಳ್ಳುವ ಮಟ್ಟದ ಹತ್ತಿರ ಬಂದಾಗ. ಆ ಮಟ್ಟ ಅಂದರೆ ನೂರು ಭಾಗ ಗಾಳಿಯಲ್ಲಿ ಒಂದು ಭಾಗದ ಆಸುಪಾಸು ಆವಿ. ಉಸಿರಿಗೆ ಕೆಟ್ಟದಾಗುವ ಮಟ್ಟ ಅದರ ಸಾವಿರಾರು ಪಟ್ಟು ಕೆಳಗೆ ಶುರುವಾಗುತ್ತದೆ. ಅಲ್ಲಿ ಯಾವ ಅಲಾರಮ್ಮೂ ಕೂಗುವುದಿಲ್ಲ. ಸುರಕ್ಷತಾ ಲೈಸೆನ್ಸ್ ಇದೆ ಅನ್ನುವ ಕಾರಣಕ್ಕೆ ಗಾಳಿಯ ಪ್ರಶ್ನೆ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ.

ಇದು ಈಗಲೇ ಯಾಕೆ ಅಂದರೆ, ಡಿಪೋಗಳ ಒಳಗಿನ ಕೆಲಸವೇ ಬದಲಾಗಿದೆ. 20% ಎಥನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಎಥನಾಲ್ ಪೈಪ್‌ಲೈನಿನಲ್ಲಿ ಬರುವುದಿಲ್ಲ. ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳಿಂದ ಟ್ಯಾಂಕರಿನಲ್ಲಿ ಬಂದು ಡಿಪೋದಲ್ಲಿ ಇಳಿದು ಅಲ್ಲಿ ಬೆರೆಯುತ್ತದೆ. ಅಂದರೆ ಹೊಸ ಟ್ಯಾಂಕು, ಹೊಸ ಪಂಪು, ಹೊಸ ಇಳಿಸುವ ಜಾಗ, ಜಾಸ್ತಿ ಲಾರಿ. ಮೂಲ ಪೆಟ್ರೋಲನ್ನು ಸರಿಹೊಂದಿಸದೆ ಎಥನಾಲ್ ಬೆರೆಸಿದರೆ ಅದರ ಆವಿ ಒತ್ತಡವೂ, ಅಂದರೆ ಆವಿಯಾಗುವ ಗುಣವೂ, ಸ್ವಲ್ಪ ಏರುತ್ತದೆ. ಹಳೆಯ ಸಮ್ಮತಿ ಪತ್ರ ಬರೆದಾಗ ಇದ್ದ ಡಿಪೋ ಈಗ ಇಲ್ಲ. ಹೊಸ ಟ್ಯಾಂಕಿಗೆ ವಿಸ್ತರಣೆಯ ಸಮ್ಮತಿ ಕೇಳಿ ಬಂದವರಿಗೆ ಇಡೀ ಡಿಪೋದ ಆವಿಯ ಲೆಕ್ಕ ಕೇಳಿ. ಹೊಸ ತುಂಡಿನದಷ್ಟೇ ಅಲ್ಲ.

ಇದು ದೇವನಗೊಂದಿಯ ಮಾತಷ್ಟೇ ಅಲ್ಲ ಅನ್ನುವುದನ್ನೂ ಹೇಳಬೇಕು. ಹುಬ್ಬಳ್ಳಿ ಪಕ್ಕದ ನವಲೂರು, ಬೆಳಗಾವಿ ಪಕ್ಕದ ದೇಸೂರು, ಹಾಸನ, ಮಂಗಳೂರು ಬಂದರಿನ ಸುತ್ತಲಿನ ಟ್ಯಾಂಕುಗಳು, ಎಲ್ಲ ಕಡೆಯೂ ಇದೇ ಪೆಟ್ರೋಲು, ಇದೇ ಲಾರಿ. ಒಂದೊಂದು ಊರಿನವರೂ ಬೇರೆ ಬೇರೆಯಾಗಿ ಅರ್ಜಿ ಹಿಡಿದು ಚರ್ಚ್ ಸ್ಟ್ರೀಟಿಗೆ ಬರುವ ಹಾಗೆ ಮಾಡಬೇಡಿ. ರಾಜ್ಯಕ್ಕೆಲ್ಲ ಒಂದೇ ಷರತ್ತು ಬರೆಯಿರಿ. ಕಂಪನಿಗಳಿಗೂ ಅದೇ ಒಳ್ಳೆಯದು. ಒಬ್ಬರು ದುಡ್ಡು ಹಾಕಿ ಯಂತ್ರ ಕೂರಿಸಿ, ಪಕ್ಕದವರು ಕೂರಿಸದೆ ಇರುವ ಅನ್ಯಾಯ ತಪ್ಪುತ್ತದೆ. ಸಮಯ ಕೊಡಿ, ಒಂದು ವರ್ಷವೋ ಎರಡು ವರ್ಷವೋ. ಆದರೆ ತಾರೀಖು ಹಾಕಿ ಕೊಡಿ.

ಊರಿಗೆ ತೋರಿಸುವ ವಿಷಯ. ಅಪಾಯಕಾರಿ ತ್ಯಾಜ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಒಂದು ಆದೇಶ ಮಾಡಿತು. ಅಂಥ ತ್ಯಾಜ್ಯ ಇರುವ ಘಟಕಗಳು ಗೇಟಿನ ಹೊರಗೆ ಬೋರ್ಡ್ ಹಾಕಿ ತಮ್ಮ ನೀರು, ಗಾಳಿ, ತ್ಯಾಜ್ಯದ ಮಾಹಿತಿ ಬರೆಯಬೇಕು. ಇಂಧನ ಟ್ಯಾಂಕಿನ ತಳದಲ್ಲಿ ಕೂರುವ ಕೆಸರೂ ಅಪಾಯಕಾರಿ ತ್ಯಾಜ್ಯವೇ, ಹಾಗಾಗಿ ಡಿಪೋಗೂ ಅದು ಅನ್ವಯ. ಇಂಥ ಬೋರ್ಡುಗಳನ್ನು ನೋಡಿದವರಿಗೆ ಗೊತ್ತು, ಅಕ್ಷರ ಇಂಗ್ಲಿಷಿನಲ್ಲಿ, ಬಣ್ಣ ಮಾಸಿ, ಅಂಕಿ ಯಾವ ವರ್ಷದ್ದೋ. ಡಿಪೋ ಬೋರ್ಡಿನಲ್ಲಿ ಎರಡು ಸಾಲು ಸೇರಿಸಲು ಹೇಳಿ. ಕಳೆದ ತಿಂಗಳು ಬೇಲಿಯಲ್ಲಿ ಬೆಂಜೀನ್ ಎಷ್ಟಿತ್ತು. ಆವಿ ಹಿಡಿಯುವ ಘಟಕ ಎಷ್ಟು ಗಂಟೆ ನಿಂತಿತ್ತು. ಕನ್ನಡದಲ್ಲಿ. ಸಮ್ಮತಿ ಪತ್ರದ ಪ್ರತಿಯೂ ಗ್ರಾಮ ಪಂಚಾಯಿತಿಗೆ ಬರಲಿ. ಅದನ್ನು ಪಡೆಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕಾದ ಅಗತ್ಯ ಯಾಕಿರಬೇಕು?

ಕೊನೆಯದಾಗಿ ಸುತ್ತಲಿನ ಊರಿನವರಿಗೆ, ಪಂಚಾಯಿತಿ ಸದಸ್ಯರಿಗೆ. ಡಿಪೋದ ಹೊಸ ಕಾಮಗಾರಿಗೆ ಪರಿಸರ ಅನುಮತಿ ಬೇಕಾಗಿ ಸಾರ್ವಜನಿಕ ಅಹವಾಲು ಸಭೆ ನಡೆದರೆ ದಯವಿಟ್ಟು ಹೋಗಿ. 2006ರ ಪರಿಸರ ಅಧಿಸೂಚನೆಯಲ್ಲಿ ಅಪಾಯಕಾರಿ ರಾಸಾಯನಿಕಗಳ ಬಿಡಿ ದಾಸ್ತಾನು 6(ಬಿ) ಅನ್ನುವ ಸಾಲಿನಲ್ಲಿ ಬರುತ್ತದೆ, ದೊಡ್ಡ ಇಂಧನ ದಾಸ್ತಾನೂ ಆ ಲೆಕ್ಕಕ್ಕೆ ಬೀಳುತ್ತದೆ. ಅಂಥ ಸಭೆಗಳಲ್ಲಿ ನಮ್ಮವರು ಕೇಳುವುದು ಉದ್ಯೋಗ, ರಸ್ತೆ, ದೇವಸ್ಥಾನಕ್ಕೆ ಕೊಡುಗೆ. ಅದನ್ನೂ ಕೇಳಿ, ಬೇಡ ಅನ್ನುವುದಿಲ್ಲ. ಜೊತೆಗೆ ಇದನ್ನೂ ಕೇಳಿ: ತಳದಿಂದ ತುಂಬುತ್ತೀರಾ, ಮೇಲಿಂದಲಾ? ಆವಿ ಎಲ್ಲಿಗೆ ಹೋಗುತ್ತದೆ? ಹೊರಗೆ ಬಿಡುವ ಗಾಳಿಯಲ್ಲಿ ಘನ ಮೀಟರಿಗೆ ಎಷ್ಟು ಗ್ರಾಂ? ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು, ಆಗಿದೆಯಾ ಅಂತ ಓದಿ ನೋಡಿಯೇ ಏಳಿ.

ಮಾನ್ಯರೇ, ಈ ಪತ್ರಕ್ಕೆ ನಿಮ್ಮ ಉತ್ತರವೂ ಬಹಿರಂಗವಾಗಿರಲಿ. ಡಿಪೋಗಳಿಗೆ 5 ಗ್ರಾಂ ಮಿತಿ ಹಾಕುತ್ತೀರಾ, ಹಾಕಿದರೆ ಯಾವ ತಾರೀಖಿನಿಂದ? ಹಾಕುವುದಿಲ್ಲ ಅಂದರೆ ಕಾರಣ ಏನು? ಬೇಲಿಯಲ್ಲಿ ಬೆಂಜೀನ್ ಕೊಳವೆ ಹಾಕಲು ಮಂಡಳಿಯ ಯಾವ ಕಚೇರಿಯ ಜೊತೆ ಪಂಚಾಯಿತಿ ಮಾತಾಡಬೇಕು? ಇಷ್ಟಕ್ಕೆ ಉತ್ತರ ಸಿಕ್ಕರೆ ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳುವ ಜವಾಬ್ದಾರಿ ನನ್ನದು.

ಇಂತಿ,
ಹೊಸಕೋಟೆ ತಾಲೂಕಿನ ಒಬ್ಬ ನಿವಾಸಿ